ಇಂಜಿನ್ ಆಯಿಲ್ ಮನೆಯಲ್ಲೇ ಬದಲಾಯಿಸಬಹುದಾ?

ಪ್ರಶ್ನೆ: ನನ್ನ ಹತ್ತಿರ 2014ರ ಪೆಟ್ರೋಲ್ ಸ್ವಿಫ್ಟ್ ಇದೆ. ವಾರಂಟಿ ಯಾವಾಗಲೋ ಮುಗಿದಿದೆ. ಇಂಜಿನ್ ಆಯಿಲ್, ಫಿಲ್ಟರ್ ಎರಡನ್ನೂ ಮನೆಯಲ್ಲೇ ಬದಲಾಯಿಸಬಹುದಾ? ಎಲ್ಲಿ ಹುಷಾರಾಗಿರಬೇಕು?

ಖಂಡಿತ ಬದಲಾಯಿಸಬಹುದು. ಕೆಳಗಿನ ಬೋಲ್ಟ್ ಬಿಚ್ಚಿ ಹಳೇ ಆಯಿಲ್ ಇಳಿಸುವುದು, ಫಿಲ್ಟರ್ ತಿರುಗಿಸಿ ತೆಗೆದು ಹೊಸದು ಕೂರಿಸುವುದು, ಮೇಲಿಂದ ಹೊಸ ಆಯಿಲ್ ಹಾಕುವುದು. ಕೆಲಸ ಇಷ್ಟೇ. ಮೊದಲ ಸಲ ಒಂದೂವರೆ ಗಂಟೆ ಹಿಡಿಯಬಹುದು, ಕೈ ಪಳಗಿದ ಮೇಲೆ ಮುಕ್ಕಾಲು ಗಂಟೆ ಸಾಕು. ಆದರೆ ಸ್ಪ್ಯಾನರ್ ಹಿಡಿಯುವ ಮೊದಲೇ ಎರಡು ವಿಷಯ ತೀರ್ಮಾನ ಆಗಿರಬೇಕು. ಕಾರು ಯಾವುದರ ಮೇಲೆ ನಿಲ್ಲುತ್ತದೆ? ಇಳಿಸಿದ ಹಳೇ ಆಯಿಲ್ ಎಲ್ಲಿಗೆ ಹೋಗುತ್ತದೆ? ಇವೆರಡಕ್ಕೂ ಉತ್ತರ ಇಲ್ಲ ಅಂದ್ರೆ ಗ್ಯಾರೇಜಿಗೇ ಕೊಡಿ.

ಎರಡನೆಯದನ್ನೇ ಮೊದಲು ಹೇಳುತ್ತೇನೆ, ಯಾಕಂದ್ರೆ ಅದನ್ನು ಕೇಳುವವರು ಕಡಿಮೆ.

ನಿಮ್ಮ ಕಾರಿನಿಂದ ಸುಮಾರು 3 ಲೀಟರ್ ಕಪ್ಪು ಆಯಿಲ್ ಇಳಿಯುತ್ತದೆ. ನಮ್ಮ ಕಡೆ ಇದನ್ನು ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಿರಲಿ ಅಂತ ಬಳಿಯುತ್ತಾರೆ. ಸೆಂಟ್ರಿಂಗ್ ಶೀಟಿಗೆ ಸವರುತ್ತಾರೆ. ಮಿಕ್ಕಿದ್ದನ್ನು ಚರಂಡಿಗೋ ಖಾಲಿ ಸೈಟಿಗೋ ಚೆಲ್ಲುತ್ತಾರೆ. ಒಂದೂ ಸರಿಯಲ್ಲ. ಇಂಜಿನ್ ಒಳಗೆ ಸುತ್ತಿ ಸುತ್ತಿ ಈ ಆಯಿಲ್‌ಗೆ ಲೋಹದ ಪುಡಿ, ಮಸಿ, ಅರೆಬೆಂದ ಇಂಧನ ಎಲ್ಲ ಸೇರಿರುತ್ತದೆ. ಪದೇ ಪದೇ ಚರ್ಮಕ್ಕೆ ತಾಗಿದರೆ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಇರುತ್ತವೆ, ಅದಕ್ಕೇ ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳದೆ ಈ ಕೆಲಸ ಬೇಡ. ಒಂದು ಸಲ ಇಳಿಸಿದ ಆಯಿಲ್ ಹತ್ತು ಲಕ್ಷ ಗ್ಯಾಲನ್ (ಸುಮಾರು 38 ಲಕ್ಷ ಲೀಟರ್) ಸಿಹಿನೀರನ್ನು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ನಮ್ಮಲ್ಲೂ 2016ರ ಕೇಂದ್ರ ನಿಯಮಗಳು ಬಳಸಿದ ಆಯಿಲನ್ನು ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಲ್ಲೇ ಇಟ್ಟಿವೆ. 2023ರಲ್ಲಿ ಅದಕ್ಕೆ ತಿದ್ದುಪಡಿ ಬಂತು. 2024ರ ಏಪ್ರಿಲ್ 1ರಿಂದ ಹಳೇ ಆಯಿಲಿನ ಮರುಬಳಕೆಯ ಹೊಣೆ ಆಯಿಲ್ ತಯಾರಿಸುವ, ಆಮದು ಮಾಡುವ ಕಂಪನಿಗಳ ಮೇಲೂ ಬಿದ್ದಿದೆ.

ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವೂ ಇದೆ. ಆಯಿಲ್ ಸವೆದು ಹೋಗುವುದಿಲ್ಲ. ಕೊಳೆಯಾಗುತ್ತದೆ, ಅದರಲ್ಲಿ ಬೆರೆಸಿದ ರಾಸಾಯನಿಕಗಳ ಶಕ್ತಿ ಮುಗಿಯುತ್ತದೆ. ಸರಿಯಾದ ಕಾರ್ಖಾನೆಗೆ ಹೋದರೆ ಶುದ್ಧವಾಗಿ ಮತ್ತೆ ಹೊಸ ಆಯಿಲಿಗೆ ಮೂಲವಸ್ತು ಆಗುತ್ತದೆ. ಮಣ್ಣಿಗೆ ಚೆಲ್ಲಿದರೆ ಬಾವಿಯೂ ಹಾಳು, ಆಯಿಲೂ ಹಾಳು.

ಹಾಗಾಗಿ ಮೊದಲು ಹತ್ತಿರದ ಗ್ಯಾರೇಜಿಗೆ ಹೋಗಿ, "ಅಣ್ಣಾ, 3 ಲೀಟರ್ ವೇಸ್ಟ್ ಆಯಿಲ್ ತಂದುಕೊಟ್ರೆ ತಗೋತೀರಾ?" ಅಂತ ಕೇಳಿ. ಬಹಳಷ್ಟು ಜನ ತಗೊಳ್ಳುತ್ತಾರೆ, ಬ್ಯಾರೆಲ್ ತುಂಬಿದರೆ ಅವರಿಗೂ ದುಡ್ಡು ಬರುತ್ತದೆ. ಆ ಬ್ಯಾರೆಲ್ ಯಾರಿಗೆ ಹೋಗುತ್ತದೆ ಅಂತಲೂ ಕೇಳಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರು ಬಂದು ಒಯ್ಯುತ್ತಾರೆ ಅಂದ್ರೆ ನಿಶ್ಚಿಂತೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಇನ್ನೂ ಸುಲಭ. ಆಟೋಝೋನ್, ಓರೈಲಿಯಂಥ ಬಿಡಿಭಾಗದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಪುಕ್ಕಟೆ ತಗೊಳ್ಳುತ್ತಾರೆ. ಎಲ್ಲೇ ಇದ್ದರೂ ಹಳೇ ಆಯಿಲಿಗೆ ಕೂಲಂಟ್, ಬ್ರೇಕ್ ಆಯಿಲ್, ಪೆಟ್ರೋಲ್ ಬೆರೆಸಬೇಡಿ. ಬೆರೆಸಿದರೆ ಅದನ್ನು ಯಾರೂ ಮುಟ್ಟುವುದಿಲ್ಲ. ನೀರಿನ ಬಾಟಲಿಗೆ ಮಾತ್ರ ಯಾವತ್ತೂ ತುಂಬಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಈಗ ಕಾರನ್ನು ನಿಲ್ಲಿಸುವ ವಿಷಯ. ಡಿಕ್ಕಿಯಲ್ಲಿ ಬರುವ ಜಾಕ್ ಟೈರ್ ಬದಲಾಯಿಸಲು ಕೊಟ್ಟದ್ದು. ಅದರ ಮೇಲೆ ನಿಂತ ಕಾರಿನ ಕೆಳಗೆ ಒಂದು ನಿಮಿಷಕ್ಕೂ ತಲೆ ಹಾಕಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೂಡ ಬೇಡ. ಭಾರ ಹೊತ್ತ ಬ್ಲಾಕ್ ಯಾವ ಸೂಚನೆಯೂ ಇಲ್ಲದೆ ಸೀಳಿಬಿಡುತ್ತದೆ. ಒಂದು ಜೊತೆ ಜಾಕ್ ಸ್ಟ್ಯಾಂಡ್ (ಎತ್ತಿದ ಕಾರಿನ ಭಾರ ಹೊರುವ ಕಬ್ಬಿಣದ ಕಾಲುಗಳು) ಅಥವಾ ಕಾರು ಹತ್ತಿಸುವ ರ‍್ಯಾಂಪ್ ಕೊಳ್ಳಿ. ಈ ಕೆಲಸದಲ್ಲಿ ದುಡ್ಡು ಹಾಕಲೇಬೇಕಾದ ಸಾಮಾನು ಅದೊಂದೇ. ನೆಲ ಗಟ್ಟಿಯಾಗಿ ಸಮತಟ್ಟಾಗಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಸ್ಟ್ಯಾಂಡ್ ಇಡುವ ಜಾಗ ಕಾರಿನ ಪುಸ್ತಕದಲ್ಲಿದೆ. ಇಟ್ಟ ಮೇಲೆ ಕಾರನ್ನು ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ. ಅಪಾರ್ಟ್‌ಮೆಂಟಿನವರಾದರೆ ಬೇಸ್‌ಮೆಂಟಿನಲ್ಲಿ ಇಂಥ ಕೆಲಸಕ್ಕೆ ಅವಕಾಶ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಯಾವ ಆಯಿಲ್? ಪುಸ್ತಕದಲ್ಲಿ ಬರೆದದ್ದು, ಅಷ್ಟೇ. ನಿಮ್ಮ ಇಂಜಿನ್ನಿಗೆ ಸಾಮಾನ್ಯವಾಗಿ 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಹಾಕುತ್ತಾರೆ. ಹಿಡಿಯುವುದು 3 ಲೀಟರಿಗಿಂತ ಸ್ವಲ್ಪ ಜಾಸ್ತಿ. "ಕಾರು ಹಳೆಯದಾಯ್ತು, 20ಡಬ್ಲ್ಯು-40 ಹಾಕಿ, ಸದ್ದು ಕಮ್ಮಿಯಾಗುತ್ತೆ" ಅನ್ನುವವರು ಸಿಗುತ್ತಾರೆ. ಕೇಳಬೇಡಿ. ಡಬ್ಲ್ಯು ಮುಂಚಿನ ಅಂಕಿ ಆಯಿಲ್ ತಣ್ಣಗಿದ್ದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು ಹೇಳುತ್ತದೆ. ಅಂಕಿ ಚಿಕ್ಕದಾದಷ್ಟೂ ಹರಿವು ಸಲೀಸು. ನಮ್ಮ ಊರಿನಲ್ಲಿ ಹಿಮ ಬೀಳುವುದಿಲ್ಲ ನಿಜ. ಆದರೆ 90 ಡಿಗ್ರಿ ದಾಟಿ ದುಡಿಯುವ ಇಂಜಿನ್ನಿಗೆ ಬೆಳಗಿನ 20 ಡಿಗ್ರಿಯೂ ತಣ್ಣಗೇ ಅಲ್ವಾ? ಸ್ಟಾರ್ಟ್ ಮಾಡಿದ ಆ ಮೊದಲ ಕ್ಷಣಗಳಲ್ಲಿ ಆಯಿಲ್ ಬೇಗ ಮೇಲೆ ಮುಟ್ಟಬೇಕು. ನಿಮ್ಮ ಕಾರಿನಲ್ಲಿ ವಿವಿಟಿ ಇದೆ, ಅಂದ್ರೆ ಇಂಜಿನ್ ವಾಲ್ವ್‌ಗಳು ತೆರೆದು ಮುಚ್ಚುವ ಸಮಯವನ್ನು ಹೊಂದಿಸುವ ವ್ಯವಸ್ಥೆ. ಅದು ನಡೆಯುವುದೇ ಆಯಿಲ್ ಒತ್ತಡದಿಂದ. ಅಲ್ಲಿ ದಪ್ಪ ಆಯಿಲ್ ಉಪಕಾರ ಮಾಡುವುದಿಲ್ಲ. ಡಬ್ಬಿಯ ಮೇಲೆ ಗುಣಮಟ್ಟದ ಗುರುತಾಗಿ ಎಪಿಐ ಎಸ್‌ಎನ್ ಅಥವಾ ಅದಕ್ಕಿಂತ ಹೊಸ ಎಸ್‌ಪಿ ಅಂತ ಇರಲಿ. ಬೈಕಿನ ಆಯಿಲ್ ಬೇಡ.

ನಕಲಿ ಆಯಿಲಿನ ಕಾಟ ನಮ್ಮಲ್ಲಿ ಇದ್ದೇ ಇದೆ. ಅಸಲಿ ಕಂಪನಿಯ ಖಾಲಿ ಡಬ್ಬಿಗೇ ಕಳಪೆ ಆಯಿಲ್ ತುಂಬಿ ಮಾರುತ್ತಾರೆ. ಸೀಲ್ ನೋಡಿ, ಬಿಲ್ ಕೇಳಿ, ಗೊತ್ತಿರುವ ಅಂಗಡಿಯಲ್ಲೇ ಕೊಳ್ಳಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಅಲ್ಲೂ ಬಿಲ್ ಬಿಡಬೇಡಿ. ನಿಮ್ಮ ಖಾಲಿ ಡಬ್ಬಿಯನ್ನು ಕತ್ತರಿಸಿಯೇ ಗುಜರಿಗೆ ಹಾಕಿ. ಆಯಿಲ್ ಜೊತೆಗೆ ಫಿಲ್ಟರ್ ಮತ್ತು ಡ್ರೈನ್ ಬೋಲ್ಟಿನ (ಆಯಿಲ್ ಇಳಿಸುವ ಕೆಳಗಿನ ಬೋಲ್ಟ್) ಹೊಸ ವಾಷರ್ ತಗೊಳ್ಳಿ. ಫಿಲ್ಟರ್ ಮುಂದಿನ ಸಲ ನೋಡೋಣ ಅನ್ನಬೇಡಿ. ಹಳೆಯದರಲ್ಲಿ ಉಳಿದ ಕೊಳೆ ಆಯಿಲ್ ಹೊಸದಕ್ಕೆ ಸೇರುತ್ತದೆ.

ಈಗ ಕೆಲಸ. ಇಂಜಿನ್ ನಾಲ್ಕೈದು ನಿಮಿಷ ಓಡಿಸಿ ಆಫ್ ಮಾಡಿ. ಆಯಿಲ್ ಬೆಚ್ಚಗಿದ್ದರೆ ಕೊಳೆಯನ್ನೂ ಎಳೆದುಕೊಂಡು ಬರುತ್ತದೆ. ದೂರ ಓಡಿಸಿ ಬಂದ ತಕ್ಷಣ ಮಾಡಬೇಡಿ, ಕೈ ಸುಡುತ್ತದೆ. ಕೀ ಜೇಬಿನಲ್ಲಿರಲಿ. ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದಿಡಿ, ಕೆಳಗೆ ಅಗಲವಾದ ಟ್ರೇ ಇಡಿ. ಬೋಲ್ಟ್ ಸಡಿಲಿಸಲು ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ಟೇ ಬೇಕು, ಅಡ್ಜಸ್ಟೆಬಲ್ ಸ್ಪ್ಯಾನರ್ ಮೂಲೆಗಳನ್ನು ತಿಂದುಹಾಕುತ್ತದೆ. ಸಡಿಲ ಆದ ಮೇಲೆ ಕೈಯಿಂದ ಬಿಚ್ಚಿ. ಬಿಚ್ಚುತ್ತಾ ಇರುವಾಗ ಬೋಲ್ಟನ್ನು ಒಳಕ್ಕೇ ಒತ್ತಿಹಿಡಿದಿರಿ. ಆಗ ಕೊನೇ ಸುತ್ತಿನವರೆಗೂ ಒಂದೆರಡು ಹನಿ ಮಾತ್ರ ಜಿನುಗುತ್ತದೆ. ಹಿಡಿತ ಪೂರ್ತಿ ಬಿಟ್ಟಿದ್ದು ಬೆರಳಿಗೆ ಗೊತ್ತಾಗುತ್ತದೆ, ಆಗ ಥಟ್ಟನೆ ಪಕ್ಕಕ್ಕೆ ಎಳೆದುಕೊಳ್ಳಿ. ಧಾರೆ ಮೊದಲು ದೂರಕ್ಕೆ ಚಿಮ್ಮುತ್ತದೆ, ಸಣ್ಣಗಾಗುತ್ತಾ ಹತ್ತಿರಕ್ಕೆ ಸರಿಯುತ್ತದೆ. ಟ್ರೇ ಕೂಡ ಸರಿಸುತ್ತಿರಬೇಕು. ಹನಿ ಹನಿಯಾಗುವವರೆಗೆ ಕಾಲು ಗಂಟೆ ಬಿಡಿ.

ಬೋಲ್ಟ್ ವಾಪಸ್ ಹಾಕುವಾಗ ಮೊದಲ ಸುತ್ತುಗಳು ಕೈಯಲ್ಲೇ ಆಗಬೇಕು. ಸಿಕ್ಕಿಕೊಂಡರೆ ಬಿಚ್ಚಿ ಮತ್ತೆ ಶುರುಮಾಡಿ. ಬಲ ಹಾಕಿ ಓರೆಯಾಗಿ ತೂರಿಸಿದರೆ ಆಯಿಲ್ ಚೇಂಬರಿನ ಮರೆ (ಬೋಲ್ಟ್ ಕೂರುವ ತೂತಿನ ಒಳಸುತ್ತು) ಹೋಗುತ್ತದೆ, ಆಮೇಲಿನ ಖರ್ಚು ಹತ್ತು ಆಯಿಲ್ ಚೇಂಜಿಗೂ ಮೀರಬಹುದು. ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯ್ತು ಅಂತ ಅಳೆಯುವ ಸ್ಪ್ಯಾನರ್) ಇದ್ದರೆ ಪುಸ್ತಕದ ಅಳತೆಗೆ ಬಿಗಿ ಮಾಡಿ. ಇಲ್ಲದಿದ್ದರೆ ಗಿಡ್ಡ ಸ್ಪ್ಯಾನರಿನಲ್ಲಿ ಗಟ್ಟಿಯಾಗುವಷ್ಟು ಸಾಕು. ಪೈಪ್ ಸೇರಿಸಿ ಬಿಗಿಯಬೇಡಿ.

ಫಿಲ್ಟರ್ ವಿಷಯದಲ್ಲಿ ಒಂದು ಪರೀಕ್ಷೆ ತಪ್ಪಿಸಲೇಬಾರದು. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಅದರ ಜೊತೆಗೇ ಬಂದಿದೆಯಾ ನೋಡಿ. ಕೆಲವೊಮ್ಮೆ ಅದು ಇಂಜಿನ್ನಿಗೇ ಅಂಟಿಕೊಂಡಿರುತ್ತದೆ, ಕಪ್ಪು ಮೇಲೆ ಕಪ್ಪು, ಕಣ್ಣಿಗೆ ಕಾಣುವುದಿಲ್ಲ. ಬಟ್ಟೆಯಿಂದ ಒರೆಸಿ ಬೆರಳು ಸುತ್ತಾಡಿಸಿ. ಹಳೇ ರಿಂಗಿನ ಮೇಲೆ ಹೊಸ ರಿಂಗ್ ಕೂತರೆ, ರಸ್ತೆಗಿಳಿದ ಮೇಲೆ ಒತ್ತಡಕ್ಕೆ ಜಾರಿ ಆಯಿಲೆಲ್ಲ ಹೊರಗೆ ಚೆಲ್ಲಿಬಿಡಬಹುದು. ಇಂಜಿನ್ ಹೋಗಲು ಅಷ್ಟು ಸಾಕು. ಹೊಸ ಫಿಲ್ಟರಿನ ರಿಂಗಿಗೆ ಒಂದು ಬೆರಳು ಹೊಸ ಆಯಿಲ್ ಸವರಿ, ಕೈಯಲ್ಲಿ ತಿರುಗಿಸಿ. ರಿಂಗ್ ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು. ಬೇರೆ ಅಳತೆ ಇದ್ದರೆ ಫಿಲ್ಟರಿನ ಮೇಲೇ ಬರೆದಿರುತ್ತದೆ.

ಕಾರು ಇಳಿಸಿ, ಮೊದಲು ಎರಡೂಮುಕ್ಕಾಲು ಲೀಟರ್ ಮಾತ್ರ ಹಾಕಿ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಕೆಂಪು ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತು ಸೆಕೆಂಡಾದರೂ ಆರದಿದ್ದರೆ ತಕ್ಷಣ ಆಫ್ ಮಾಡಿ, ಫಿಲ್ಟರ್, ಬೋಲ್ಟ್, ಆಯಿಲ್ ಮಟ್ಟ ನೋಡಿ. ಆರಿತು ಅಂದ್ರೆ ಎರಡು ನಿಮಿಷ ಓಡಲಿ, ಅಷ್ಟರಲ್ಲಿ ಹೊರಗಿನಿಂದಲೇ ಟಾರ್ಚ್ ಬಿಟ್ಟು ಕೆಳಗೆ ಹನಿ ಬೀಳುತ್ತಿದೆಯಾ ನೋಡಿ. ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಒರೆಸಿ, ಅದ್ದಿ ನೋಡಿ. ಮೇಲಿನ ಗುರುತು ಮುಟ್ಟುವವರೆಗೆ ಸ್ವಲ್ಪ ಸ್ವಲ್ಪವೇ ಸೇರಿಸಿ, ದಾಟಿಸಬೇಡಿ. ಜಾಸ್ತಿಯಾದರೆ ಇಂಜಿನ್ನಿನ ಕೆಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆಯಿಂದ ಇಂಜಿನ್ನಿಗೆ ರಕ್ಷಣೆ ಸಿಗುವುದಿಲ್ಲ.

ಮುಂದಿನದು ಯಾವಾಗ? ಈ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ದಿನವೂ ಬೆಂಗಳೂರಿನ ಸಿಗ್ನಲ್‌ಗಳಲ್ಲಿ ನಿಲ್ಲುವ ಕಾರಾದರೆ ನಾನು 7,500ಕ್ಕೇ ಬದಲಾಯಿಸಿ ಅನ್ನುತ್ತೇನೆ. ನಿಂತಲ್ಲೇ ಓಡಿದ ಗಂಟೆಗಳು ಕಿ.ಮೀ. ಲೆಕ್ಕಕ್ಕೆ ಬರುವುದಿಲ್ಲ. ಬರೀ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಕೊಳೆಯನ್ನು ಹಿಡಿದಿಡುವ ಒಳ್ಳೆ ಆಯಿಲ್ ಬೇಗನೇ ಕಪ್ಪಾಗುತ್ತದೆ.

ಹಳೇ ಫಿಲ್ಟರನ್ನು ಒಂದು ರಾತ್ರಿ ಟ್ರೇ ಮೇಲೆ ಬೋರಲು ಹಾಕಿ ಬಸಿಯಲು ಬಿಡಿ, ಆಯಿಲ್ ಜೊತೆ ಅದನ್ನೂ ಗ್ಯಾರೇಜಿಗೆ ಕೊಡಿ. ನೂರು ಕಿ.ಮೀ. ಓಡಿದ ಮೇಲೆ ಡಿಪ್‌ಸ್ಟಿಕ್ ಮತ್ತು ಕಾರು ನಿಲ್ಲುವ ನೆಲ ಎರಡನ್ನೂ ಇನ್ನೊಮ್ಮೆ ನೋಡಿ. ತಾರೀಖು, ಕಿ.ಮೀ., ಹಾಕಿದ ಆಯಿಲಿನ ಗ್ರೇಡ್ ಕಾರಿನ ಪುಸ್ತಕದಲ್ಲೇ ಬರೆದು ಬಿಲ್ ಪಿನ್ ಮಾಡಿಡಿ. ಮುಂದೆ ಕಾರು ಮಾರುವಾಗ ಕೊಳ್ಳುವವರು ಸರ್ವೀಸ್ ರೆಕಾರ್ಡ್ ಕೇಳೇ ಕೇಳುತ್ತಾರೆ, ಇದನ್ನೇ ತೋರಿಸಬಹುದು.