ನಿನ್ನೆಯ ಉತ್ತರಕ್ಕೆ ತೆರೆಯದ ಬಾಗಿಲು

ಕಾಲೇಜುಗಳ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಈ ಮಾದರಿ ಇದ್ದೇ ಇರುತ್ತದೆ. ಥರ್ಮಾಕೋಲಿನ ಪ್ರಯೋಗಾಲಯ, ಅದಕ್ಕೊಂದು ಬಾಗಿಲು, ಪಕ್ಕದಲ್ಲಿ ಆರ್‌ಸಿ522 ಎಂಬ ನೀಲಿ ರೀಡರ್, ಹಿಂದೆ ಆರ್ಡುಯಿನೊ ಯೂನೊ ಎಂಬ ಪುಟ್ಟ ಗಣಕ ಫಲಕ. ಬಿಳಿ ಕಾರ್ಡು ಹತ್ತಿರ ಹಿಡಿದರೆ ರಿಲೇ ಎಂಬ ವಿದ್ಯುತ್ ಸ್ವಿಚ್ಚು ಟಕ್ ಎನ್ನುತ್ತದೆ, ವಿದ್ಯುತ್ಕಾಂತದಿಂದ ಸರಿಯುವ ಸೊಲೆನಾಯ್ಡ್ ಚಿಲಕ ಹಿಂದೆ ಸರಿಯುತ್ತದೆ. ‘ಈ ಕಾರ್ಡಿನ ಸಂಖ್ಯೆ ಜಗತ್ತಿನಲ್ಲಿ ಇನ್ನೊಂದಕ್ಕಿಲ್ಲ, ಹಾಗಾಗಿ ನೂರಕ್ಕೆ ನೂರು ಭದ್ರ’ ಎಂದು ವಿದ್ಯಾರ್ಥಿ ಒಪ್ಪಿಸುತ್ತಾನೆ. ತೀರ್ಪುಗಾರರು ತಲೆದೂಗುತ್ತಾರೆ. ನನಗೆ ಮೈ ಉರಿಯುತ್ತದೆ.

ಆ ಸಂಖ್ಯೆಯಲ್ಲಿ ಗುಟ್ಟೇನೂ ಇಲ್ಲ. 13.56 ಮೆಗಾಹರ್ಟ್ಸ್‌ನಲ್ಲಿ ಯಾವ ರೀಡರ್ ಕೇಳಿದರೂ ಕಾರ್ಡು ಅದನ್ನು ಹೇಳಿಬಿಡುತ್ತದೆ. ಎನ್‌ಎಫ್‌ಸಿ ಎಂಬ ಸಮೀಪ ಸಂಪರ್ಕ ಸೌಲಭ್ಯ ಇರುವ ಮೊಬೈಲಿಗೂ ಹೇಳುತ್ತದೆ. ಬೇಕಾದ ಸಂಖ್ಯೆ ಬರೆದುಕೊಳ್ಳಬಹುದಾದ ಖಾಲಿ ಕಾರ್ಡುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ ಗೆಳೆಯನ ಪರವಾಗಿ ‘ಎಸ್ ಸಾರ್’ ಎಂದವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಮೇಷ್ಟ್ರು ತಲೆಯೆತ್ತದಿದ್ದರೆ ಊರಲ್ಲಿಲ್ಲದವನೂ ಹಾಜರು.

‘ಗೂಢಲಿಪಿ ಬಳಸಿದರಾಯಿತು’ ಎಂಬ ಜಾಣರು ಆಗ ಮುಂದೆ ಬರುತ್ತಾರೆ. ಅವರು ಎಡವುವುದೂ ಇಲ್ಲೇ. ಪ್ರಯೋಗಾಲಯದ ರೋಬೊ ತೋಳಿಗೆ ‘ಮೇಲೆತ್ತು’ ಎಂಬ ಆದೇಶ ಗೂಢಲಿಪಿಯಲ್ಲೇ ಹೋಗಲಿ. ಕಳ್ಳನಿಗೆ ಅದರ ಅರ್ಥವೇಕೆ ಬೇಕು? ಗಾಳಿಯಲ್ಲಿ ಬಂದದ್ದನ್ನು ಹಾಗೆಯೇ ದಾಖಲಿಸಿಕೊಂಡು ರಾತ್ರಿ ಮತ್ತೆ ಬಿತ್ತರಿಸಿದರೆ ತೋಳು ಮೇಲೇಳುತ್ತದೆ. 2019ರಲ್ಲಿ ಟ್ರೆಂಡ್ ಮೈಕ್ರೊ ಎಂಬ ಸೈಬರ್ ಭದ್ರತಾ ಸಂಸ್ಥೆಯ ಸಂಶೋಧಕರು ಕ್ರೇನ್‌ಗಳ ರಿಮೋಟ್ ಸಂಕೇತವನ್ನು ಹೀಗೆಯೇ ಹಿಡಿದು, ಮರಳಿ ಬಿಟ್ಟು, ಕ್ರೇನ್‌ಗಳನ್ನು ಆಡಿಸಿ ತೋರಿಸಿದರು.

ಕಣ್ಣಿಗೆ ಕಾಣದ್ದು ಕೈಗೂ ಸಿಗದು ಎಂಬ ನಂಬಿಕೆ ರೇಡಿಯೊದಷ್ಟೇ ಹಳೆಯದು. ತರಂಗಾಂತರವನ್ನು ಕರಾರುವಾಕ್ಕಾಗಿ ಹೊಂದಿಸುವ ವಿಧಾನಕ್ಕೆ ಇಟಲಿಯ ರೇಡಿಯೊ ಸಂಶೋಧಕ ಮಾರ್ಕೋನಿ 1900ರಲ್ಲಿ 7777 ಸಂಖ್ಯೆಯ ಬ್ರಿಟಿಷ್ ಪೇಟೆಂಟಿಗೆ ಅರ್ಜಿ ಹಾಕಿದ್ದ. ಹೀಗೆ ಕಳಿಸಿದ ಸಂದೇಶಕ್ಕೆ ಬೇರೆಯವರು ಅಡ್ಡಬರಲಾರರು ಎಂದು ಬೀಗುತ್ತಿದ್ದ. 1903ರ ಜೂನ್ 4ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಾರ್ಕೋನಿಯ ಸಲಹೆಗಾರ ಜಾನ್ ಆಂಬ್ರೋಸ್ ಫ್ಲೆಮಿಂಗ್ ಪ್ರಾತ್ಯಕ್ಷಿಕೆಗೆ ನಿಂತ. ದೂರದ ಕಾರ್ನ್‌ವಾಲ್‌ನಿಂದ ಮಾರ್ಕೋನಿಯ ಸಂದೇಶ ಬರಬೇಕು. ಅದಕ್ಕೂ ಮೊದಲೇ ಯಂತ್ರ ‘ರ‍್ಯಾಟ್ಸ್, ರ‍್ಯಾಟ್ಸ್’ ಎಂದು ಬಡಿಯತೊಡಗಿತು. ಹಿಂದೆಯೇ ಇಟಲಿಯವನೊಬ್ಬ ಜನರಿಗೆ ಟೋಪಿ ಹಾಕಿದ ಬಗ್ಗೆ ಒಂದು ಚುಟುಕ! ಕಳಿಸಿದವನು ನೆವಿಲ್ ಮ್ಯಾಸ್ಕೆಲಿನ್, ಕಸುಬಿನಿಂದ ಜಾದೂಗಾರ. ಫ್ಲೆಮಿಂಗ್ ಪತ್ರಿಕೆಗೆ ಬರೆದು ಕೂಗಾಡಿದ. ನನ್ನ ಮತ ಜಾದೂಗಾರನಿಗೆ.

ಮದ್ದು ಯಾವುದೆಂದರೆ, ಬಾಗಿಲೇ ಮೊದಲು ಪ್ರಶ್ನೆ ಕೇಳಬೇಕು. ಕಾರ್ಡು ಬಂದೊಡನೆ ಬಾಗಿಲು ಹಿಂದೆಂದೂ ಬಳಸದ, ಯಾರೂ ಊಹಿಸಲಾಗದ ಒಂದು ಸಂಖ್ಯೆಯನ್ನು ಕಳಿಸುತ್ತದೆ. ಕಾರ್ಡಿನ ಚಿಪ್ ತನ್ನೊಳಗಿನ ರಹಸ್ಯ ಕೀಲಿಯೊಂದಿಗೆ ಅದನ್ನು ಎಇಎಸ್ ಎಂಬ ಗೂಢಲಿಪಿ ಸೂತ್ರದಂಥ ಲೆಕ್ಕದಲ್ಲಿ ಅರೆದು ಉತ್ತರ ಕೊಡುತ್ತದೆ. ಅದೇ ಕೀಲಿ ಬಾಗಿಲಿನ ಬಳಿಯೂ ಇರುವುದರಿಂದ ಅದೂ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಕೀಲಿ ಒಮ್ಮೆಯೂ ಗಾಳಿಗೆ ಬೀಳುವುದಿಲ್ಲ. ಕದ್ದು ಕೇಳಿದವನ ಕೈಯಲ್ಲಿ ಉಳಿಯುವುದು ನಿನ್ನೆಯ ಪ್ರಶ್ನೆಗೆ ಸಲ್ಲುವ ಉತ್ತರ ಮಾತ್ರ. ಎಂಥ ಸೊಗಸಾದ ಉಪಾಯ!

ರೋಬೊಗಳ ಲೋಕ ಇದನ್ನು ಬಹುಕಾಲ ಕಡೆಗಣಿಸಿತು. ರೋಬೊಗಳನ್ನು ನಡೆಸುವ, ಸಂಶೋಧಕರ ಅಚ್ಚುಮೆಚ್ಚಿನ ಆರ್‌ಓಎಸ್ ತಂತ್ರಾಂಶದ ಮೊದಲ ಆವೃತ್ತಿ ಆದೇಶ ಕೊಟ್ಟವರು ಯಾರೆಂದು ವಿಚಾರಿಸುತ್ತಲೇ ಇರಲಿಲ್ಲ. 2017–18ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಅಂತರಜಾಲವನ್ನು ಜಾಲಾಡಿದಾಗ ಇಂಥ ನೂರಕ್ಕೂ ಹೆಚ್ಚು ವ್ಯವಸ್ಥೆಗಳು ಬಾಗಿಲು ತೆರೆದು ಕುಳಿತಿದ್ದವು. ಒಪ್ಪಿಗೆ ಪಡೆದು, ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಂದು ರೋಬೊವಿನ ಕ್ಯಾಮೆರಾದಲ್ಲಿ ಇಣುಕಿ, ಅದನ್ನು ದೂರದಿಂದಲೇ ಅಲುಗಾಡಿಸಿದರು ಕೂಡ.

ಪ್ರಶ್ನೆ ಕೇಳಿದರಷ್ಟೇ ಸಾಲದು, ಅದನ್ನು ಊಹಿಸಲು ಆಗಬಾರದು. ಲೋಕವಿಡೀ ಕಚೇರಿ, ಬಸ್ಸುಗಳಲ್ಲಿ ಓಡಾಡಿದ ಮೈಫೇರ್ ಕ್ಲಾಸಿಕ್ ಕಾರ್ಡು ಸೋತದ್ದಕ್ಕೆ ಅದರ 48 ಬಿಟ್‌ಗಳ ಪುಟ್ಟ ಕೀಲಿಯೊಂದೇ ಕಾರಣವಲ್ಲ. ಅದರ ಸಂಖ್ಯೆ ಹುಟ್ಟಿಸುವ ಭಾಗ ವಿದ್ಯುತ್ ಸಿಕ್ಕಾಗಲೆಲ್ಲ ಒಂದೇ ಸ್ಥಿತಿಯಿಂದ ಶುರುವಾಗುತ್ತಿತ್ತು. ಹೊತ್ತು ನೋಡಿ ಕೇಳಿದರೆ ಅದೇ ಪ್ರಶ್ನೆ ಮತ್ತೆ ಬರುತ್ತಿತ್ತು. 2007–08ರಲ್ಲಿ ಜರ್ಮನಿ, ನೆದರ್‌ಲೆಂಡ್ಸ್‌ನ ಸಂಶೋಧಕರು ಇದನ್ನು ಬಯಲಿಗೆಳೆದರು. ನಮ್ಮ ಯೂನೊವಿಗೂ ಇದೇ ರೋಗವಿದೆ. ಎಲ್ಲಿಂದ ಶುರುಮಾಡಬೇಕೆಂದು ಹೇಳುವ ಬೀಜಸಂಖ್ಯೆ ಕೊಡದೆ ರ‍್ಯಾಂಡಮ್ ಎಂದು ಬರೆದರೆ ಪ್ರತಿ ಸಲ ಚಾಲೂ ಮಾಡಿದಾಗಲೂ ಅದೇ ಸಾಲು ಸಂಖ್ಯೆಗಳು. ದಿನಕ್ಕೆರಡು ಬಾರಿ ಕರೆಂಟು ಹೋಗುವ ಊರಿನಲ್ಲಿ ಬಾಗಿಲು ದಿನಕ್ಕೆರಡು ಬಾರಿ ಹಳೆಯ ಪ್ರಶ್ನೆಪತ್ರಿಕೆ ತೆಗೆಯುತ್ತದೆ. ಇಎಸ್‌ಪಿ32 ಚಿಪ್ಪಿನಲ್ಲಿ ಈ ಕಾಟವಿಲ್ಲ: ವೈಫೈ ಅಥವಾ ಬ್ಲೂಟೂತ್ ಚಾಲೂ ಇದ್ದರೆ ಅದು ತನ್ನ ವಿದ್ಯುನ್ಮಂಡಲದೊಳಗಿನ ಗದ್ದಲದಿಂದಲೇ ನಿಜವಾಗಿ ಊಹೆಗೆ ಸಿಗದ ಸಂಖ್ಯೆಗಳನ್ನು ಹೆಕ್ಕಿಕೊಡುತ್ತದೆ.