ಪದ ಪರಿಚಯ: ಹೇಳದೆ ಕಟ್ಟುವ ಗಂಟು

ಎಕ್ಸ್‌ಎಂಎಲ್ ಕಡತವನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ ಎಕ್ಸ್‌ಎಸ್‌ಎಲ್‌ಟಿ. ಅದರ ವೇರಿಯಬಲ್‌ಗೆ (ಹೆಸರಿಟ್ಟು ಉಳಿಸಿಕೊಂಡ ಮೌಲ್ಯಕ್ಕೆ) ‘ಆಸ್’ ಎಂಬ ಆಟ್ರಿಬ್ಯೂಟ್ ಹಾಕಿ ಟೈಪ್, ಅಂದರೆ ಮೌಲ್ಯದ ಬಗೆ, ಬರೆಯುವುದು ಓದುವವರ ಅನುಕೂಲಕ್ಕೆ, ಬಿಟ್ಟರೂ ನಡೆಯುತ್ತದೆ ಎಂಬ ಮಾತು ಇನ್ನೂ ನಿಂತಿಲ್ಲ. ಮೌಲ್ಯವನ್ನು ‘ಸೆಲೆಕ್ಟ್’ ಎಂಬ ಆಟ್ರಿಬ್ಯೂಟಿನಲ್ಲಿ ಕೊಟ್ಟ ಕಡೆ ಈ ಮಾತನ್ನು ಅರ್ಧ ಒಪ್ಪಬಹುದು. ಸೆಲೆಕ್ಟ್ ಇಲ್ಲದೆ ಟ್ಯಾಗಿನ ಒಳಗೇ ಮೌಲ್ಯ ಬರೆದ ಕಡೆ ಇದು ಶುದ್ಧ ತಪ್ಪು: ಆಸ್ ಇದ್ದರೆ ಸಿಗುವುದು ಒಂದು, ಇಲ್ಲದಿದ್ದರೆ ಸಿಗುವುದೇ ಬೇರೆ. ಆ ಬೇರೆಯ ಹೆಸರೇ ಇಂಪ್ಲಿಸಿಟ್ ಡಾಕ್ಯುಮೆಂಟ್ ನೋಡ್, ಅಂದರೆ ನೀವು ಹೇಳದಿದ್ದರೂ ಒಳಗಿನದನ್ನೆಲ್ಲ ಒಟ್ಟಿಗೆ ಸುತ್ತಿ ಕೊಡುವ ಹೊದಿಕೆ.

ಎಕ್ಸ್‌ಎಂಎಲ್ ಮರದ ಒಂದೊಂದು ಭಾಗಕ್ಕೂ ನೋಡ್ ಎನ್ನುತ್ತಾರೆ. ಆ ಪದ ಬಂದದ್ದು ಲ್ಯಾಟಿನ್ನಿನ ‘ನೋಡುಸ್’ನಿಂದ, ಅರ್ಥ ಗಂಟು. ಅದಕ್ಕೆ ಕನ್ನಡದಲ್ಲಿ ಬಿಂದು, ಸಂಧಿ ಎಂದೆಲ್ಲ ಹುಡುಕುತ್ತಾರೆ, ಗಂಟು ಕಣ್ಣೆದುರಿಗೇ ಇದೆ. ಕನ್ನಡದಲ್ಲಿ ಹಗ್ಗಕ್ಕೆ ಬಿದ್ದದ್ದೂ ಗಂಟು, ಬಟ್ಟೆಯಲ್ಲಿ ಸಾಮಾನು ಕಟ್ಟಿ ಹೆಗಲಿಗೇರಿಸಿದ್ದೂ ಗಂಟು. ಎಲಿಮೆಂಟಿಗೆ (ಟ್ಯಾಗಿನಿಂದಾದ ನೋಡ್‌ಗೆ) ಮೊದಲ ಅರ್ಥ ಸಾಕು. ಡಾಕ್ಯುಮೆಂಟ್ ನೋಡ್‌ಗೆ ಎರಡನೆಯದೇ ಸರಿ. ಇದನ್ನು ರೂಟ್ ಎಲಿಮೆಂಟ್ ಅನ್ನಬೇಡಿ. ರೂಟ್ ಎಲಿಮೆಂಟ್, ಅಂದರೆ ಕಡತದ ಎಲ್ಲಕ್ಕೂ ಹೊರಗಿನ ಎಲಿಮೆಂಟ್, ಗಂಟಿನೊಳಗಿನ ಸಾಮಾನು. ಗಂಟಿಗೆ ಹೆಸರಿಲ್ಲ, ಆಟ್ರಿಬ್ಯೂಟ್ ಇಲ್ಲ. ನೇರವಾಗಿ ಆಟ್ರಿಬ್ಯೂಟ್ ತುರುಕಿದರೆ ಎಕ್ಸ್‌ಟಿಡಿಇ0420 ಎಂಬ ದೋಷ ಬರುತ್ತದೆ.

1999ರ ಎಕ್ಸ್‌ಎಸ್‌ಎಲ್‌ಟಿ 1.0ರಲ್ಲಿ ಈ ಗಂಟಿಗೆ ರಿಸಲ್ಟ್ ಟ್ರೀ ಫ್ರಾಗ್‌ಮೆಂಟ್ ಎಂಬ ಹೆಸರಿತ್ತು, ಅದರೊಳಗೆ ಪಾತ್ (ಓರೆಗೆರೆ ಹಾಕಿ ಬರೆಯುವ ದಾರಿ) ಹಿಡಿದು ಇಳಿಯಲು ಬಿಡುತ್ತಿರಲಿಲ್ಲ. 2007ರ 2.0 ಆ ನಿರ್ಬಂಧ ತೆಗೆಯಿತು, ಆಸ್ ತಂದಿತು; ಆಸ್ ಇಲ್ಲದ ಕಡೆ ಗಂಟು ಹಾಗೇ ಉಳಿಯಿತು.

ಶಿರಸಿಯ ಅಡಿಕೆ ದರಪಟ್ಟಿ ತೆಗೆದುಕೊಳ್ಳಿ. ‘ದರ’ ಎಂಬ ವೇರಿಯಬಲ್‌ನ ಒಳಗೆ ರಾಶಿ, ಚಾಲಿ, ಬೆಟ್ಟೆಗೆ ಒಂದೊಂದರಂತೆ ಮೂರು ‘ಅಡಿಕೆ’ ಎಲಿಮೆಂಟ್. (ಹೆಸರು ಕನ್ನಡದಲ್ಲಿದ್ದರೆ ಎಕ್ಸ್‌ಎಂಎಲ್‌ಗೆ ತಕರಾರಿಲ್ಲ.) ಆಸ್ ಇಲ್ಲದಿದ್ದರೆ ಕೌಂಟ್($ದರ) 1, ಎಣಿಸಿದ್ದು ಗಂಟನ್ನು, ಅಡಿಕೆಯನ್ನಲ್ಲ. $ದರ/ಅಡಿಕೆ ಅಂದರೆ ಮೂರೂ ಸಿಗುತ್ತವೆ. ಈಗ ಆಸ್‌ನಲ್ಲಿ ಎಲಿಮೆಂಟ್()* (ಎಷ್ಟಾದರೂ ಎಲಿಮೆಂಟ್) ಎಂದು ಬರೆಯಿರಿ: ಕೌಂಟ್ 3, ಆದರೆ $ದರ/ಅಡಿಕೆ ಖಾಲಿ, ಯಾಕೆಂದರೆ ಈಗ ಅಡಿಕೆಯೊಳಗೆ ಮತ್ತೊಂದು ಅಡಿಕೆ ಹುಡುಕುತ್ತಿದ್ದೀರಿ. ದೋಷವೂ ಬರುವುದಿಲ್ಲ, ಕೋಷ್ಟಕ ಸುಮ್ಮನೆ ಬೋಳಾಗುತ್ತದೆ. ‘ಟೈಪ್ ಹಾಕಿದ ಮೇಲೆ ಕೆಟ್ಟಿತು’ ಎಂಬ ದೂರಿನ ಮೂಲ ಬಹುಪಾಲು ಇದೇ. ಪಾತ್ ಬಿಟ್ಟು ಬರೀ $ದರ ಎಂದು ಬರೆದರೆ ಆಯಿತು.

ಇದಕ್ಕಿಂತ ಕೆಟ್ಟದ್ದು ಟೆಸ್ಟ್, ಅಂದರೆ ಹೌದೋ ಅಲ್ಲವೋ ಎಂಬ ಪರೀಕ್ಷೆ. ವ್ಯಾಲ್ಯೂ-ಆಫ್‌ನಿಂದ ಒಳಗೆ ಫಾಲ್ಸ್() ಇಟ್ಟು, ಆ ವೇರಿಯಬಲ್‌ನ್ನು ಇಫ್‌ನಲ್ಲಿ ಕೇಳಿದರೆ ಉತ್ತರ ಟ್ರೂ. ಒಳಗಿನ ಸೂಚನೆಯಿಂದ ಏನೂ ಹುಟ್ಟದಿದ್ದರೂ ಟ್ರೂ. ಇಫ್ ನೋಡುವುದು ಗಂಟು ಇದೆಯೇ ಎಂದಷ್ಟೇ, ಖಾಲಿ ಗಂಟೂ ಗಂಟೇ. ಸೆಲೆಕ್ಟ್‌ನಲ್ಲಿ ನೇರ ಫಾಲ್ಸ್() ಬರೆಯಿರಿ, ಇಲ್ಲವೇ ಆಸ್‌ನಲ್ಲಿ ಎಕ್ಸ್‌ಎಸ್:ಬೂಲಿಯನ್ ಹಾಕಿ.

ಇನ್ನೊಂದು: ಎಕ್ಸ್‌ಎಸ್‌ಎಲ್:ಸೀಕ್ವೆನ್ಸ್‌ನಿಂದ ಮೂಲ ಕಡತದ ಎಲಿಮೆಂಟ್ ತಂದರೂ ಗಂಟಿಗೆ ಸೇರುವುದು ನಕಲು. ಅಲ್ಲಿಂದ ಪೇರೆಂಟ್ (ಒಂದು ಹಂತ ಮೇಲಿನ ನೋಡ್) ಹುಡುಕಿದರೆ ಸಿಗುವುದು ಗಂಟು ಮಾತ್ರ, ಮೂಲದಲ್ಲಿ ಅದನ್ನು ಒಳಗೊಂಡಿದ್ದ, ಉದಾಹರಣೆಗೆ ‘ತಾಲೂಕು’ ಎಂಬ ಎಲಿಮೆಂಟ್ ಅಲ್ಲ. ಆಸ್ ಇದ್ದರೆ ಅಸಲೇ ಬರುತ್ತದೆ.

ಆಸ್‌ನಲ್ಲಿ ಡಾಕ್ಯುಮೆಂಟ್-ನೋಡ್() ಎಂದು ಬರೆದರೆ ಗಂಟೂ ಸಿಕ್ಕಿತು, ಟೈಪೂ ಆಯಿತು ಎಂದುಕೊಳ್ಳುವವರಿದ್ದಾರೆ. ಆದರೆ ಆಸ್ ಕಂಡೊಡನೆ ತಾನಾಗಿ ಕಟ್ಟುವುದು ನಿಂತಿತು. ಮೂರು ಅಡಿಕೆ ಬಿಡಿಬಿಡಿಯಾಗಿ ಬಂದು ಎಕ್ಸ್‌ಟಿಟಿಇ0570 ಎಂಬ ದೋಷ ತೋರಿಸಿ ಕೆಲಸ ನಿಲ್ಲುತ್ತದೆ. ಅಲ್ಲಿ ಎಕ್ಸ್‌ಎಸ್‌ಎಲ್:ಡಾಕ್ಯುಮೆಂಟ್ ಬಳಸಿ ಗಂಟನ್ನು ನೀವೇ ಕಟ್ಟಬೇಕು.