ಮತಪತ್ರ ಪರಿಶೀಲನೆ: ಕೋರ್ಟಿನಲ್ಲಿ ಮತಪತ್ರಗಳ ಕಟ್ಟು ಬಿಚ್ಚುವುದು ಯಾವಾಗ?

ಪಂಚಾಯಿತಿ ಚುನಾವಣೆಯಲ್ಲಿ ಒಂದೆರಡು ಮತಗಳಿಂದ ಸೋತವರು ‘ಕೋರ್ಟಿಗೆ ಹೋಗಿ ಮರು ಎಣಿಕೆ ಮಾಡಿಸ್ತೀನಿ’ ಅನ್ನುವುದನ್ನು ಎಲ್ಲರೂ ಕೇಳಿರುತ್ತೀರಿ. ಇಲ್ಲಿ ಎಣಿಸುವ ಕೆಲಸಕ್ಕಿಂತ ನೋಡುವ ಕೆಲಸವೇ ಜಾಸ್ತಿ. ಕುಲಗೆಟ್ಟ ಮತ ಎಂದು ಪಕ್ಕಕ್ಕಿಟ್ಟದ್ದು ನಿಜವಾಗಿ ಕೆಟ್ಟಿತ್ತಾ? ಒಬ್ಬರ ಲೆಕ್ಕಕ್ಕೆ ಸೇರಿಸಿದ್ದು ಅವರಿಗೇ ಬಿದ್ದದ್ದಾ? ತಕರಾರಿನಲ್ಲಿರುವ ಒಂದೊಂದು ಚೀಟಿಯನ್ನೂ ನೋಡಿ ಕೋರ್ಟ್ ಇದನ್ನು ತೀರ್ಮಾನಿಸುತ್ತದೆ. ಇದೇ ಮತಪತ್ರ ಪರಿಶೀಲನೆ.

ಮತಯಂತ್ರದಲ್ಲಿ ಮತ ಕುಲಗೆಡುವ ಮಾತಿಲ್ಲ. ಕಾಗದದ ಮತಪತ್ರ ಇರುವಲ್ಲಿ ಮಾತ್ರ ಈ ಜಗಳ. ಕರ್ನಾಟಕದಲ್ಲಿ 2020ರ ಡಿಸೆಂಬರ್‌ನಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ಹೆಚ್ಚಿನ ಕಡೆ ಮತಪತ್ರವೇ ಇತ್ತು.

ಸಂವಿಧಾನದ 243-ಒ ವಿಧಿಯ ಪ್ರಕಾರ ಪಂಚಾಯಿತಿ ಚುನಾವಣೆಯನ್ನು ಪ್ರಶ್ನಿಸಬೇಕಾದರೆ ಚುನಾವಣಾ ತಕರಾರು ಅರ್ಜಿಯನ್ನೇ ಹಾಕಬೇಕು. ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ಮೊಹರು ಮಾಡಿಟ್ಟ ಕಟ್ಟನ್ನು ಬಿಚ್ಚುವುದಿಲ್ಲ. ‘ಎಣಿಕೆಯಲ್ಲಿ ಮೋಸ ಆಗಿದೆ, ತೆಗೆದು ನೋಡಿ’ ಅಂದರೆ ಸಾಲದು. ಯಾವ ಮೇಜಿನಲ್ಲಿ, ಯಾವ ಸುತ್ತಿನಲ್ಲಿ, ಎಂಥ ಮತಗಳನ್ನು ತಪ್ಪಾಗಿ ತಳ್ಳಿಹಾಕಿದರು ಅಂತ ಬಿಡಿಸಿ ಹೇಳಬೇಕು. ಅದಕ್ಕೆ ಆಧಾರವನ್ನೂ ತೋರಿಸಬೇಕು. ರಾಮ್ ಸೇವಕ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಆಮೇಲೆ ತಮಿಳುನಾಡಿನ ಪಂಚಾಯಿತಿ ಅಧ್ಯಕ್ಷ ಸ್ಥಾನದ ವ್ಯಾಜ್ಯವೊಂದರಲ್ಲಿ ಇನ್ನೂ ಕಟ್ಟುನಿಟ್ಟಾದ ಮಾತು ಬಂತು. ಮರು ಎಣಿಕೆಗೆ ಆದೇಶ ಕೊಟ್ಟದ್ದು ಸರಿಯೋ ತಪ್ಪೋ ಎಂಬುದನ್ನು ಆದೇಶಕ್ಕೆ ಮೊದಲು ಇದ್ದ ಆಧಾರದಿಂದಲೇ ಅಳೆಯಬೇಕು. ಎಣಿಸಿದ ಮೇಲೆ ಸಿಕ್ಕ ಫಲಿತಾಂಶ ತೋರಿಸಿ ಅದನ್ನು ಸಮರ್ಥಿಸುವಂತಿಲ್ಲ.

ಸೋತವರಿಗೆ ಇದು ಅನ್ಯಾಯ ಅನಿಸಬಹುದು. ನನಗಂತೂ ಈ ಬಿಗಿ ಬೇಕೇ ಬೇಕು ಅನಿಸುತ್ತದೆ. ಮತಪತ್ರಕ್ಕೆ ಕ್ರಮಸಂಖ್ಯೆ ಇರುತ್ತದೆ, ಅದೇ ಸಂಖ್ಯೆಯ ಜೊತೆ ಮತದಾರರ ವಿವರ ಇರುವ ಪ್ರತಿಪತ್ರ (ಕೌಂಟರ್‌ಫಾಯಿಲ್) ಬೇರೆ ಕಟ್ಟಿನಲ್ಲಿ ಇರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟರೆ ಯಾರು ಯಾರಿಗೆ ಮತ ಹಾಕಿದರು ಅಂತ ಗೊತ್ತಾಗಿಬಿಡುತ್ತದೆ. ಎಲ್ಲರಿಗೂ ಎಲ್ಲರ ಮುಖಪರಿಚಯ ಇರುವ ಹಳ್ಳಿಯಲ್ಲಿ ಅದರ ಪರಿಣಾಮ ಸಣ್ಣದಲ್ಲ.

ಒಮ್ಮೆ ಕಟ್ಟು ಬಿಚ್ಚಿದರೆ ಕೇಳುವ ಮುಖ್ಯ ಪ್ರಶ್ನೆ ಒಂದೇ: ಮತದಾರರ ಮನಸ್ಸಿನಲ್ಲಿ ಇದ್ದದ್ದು ಯಾರು? ಮೊಹರು ಅರೆಬರೆ ಬಿದ್ದಿದೆ, ಅಥವಾ ಒಬ್ಬರ ಹೆಸರಿನ ಮುಂದೆಯೇ ಎರಡು ಸಲ ಬಿದ್ದಿದೆ ಅಂದುಕೊಳ್ಳಿ. ಯಾರಿಗೆ ಅಂತ ಸ್ಪಷ್ಟವಾಗಿದ್ದರೆ ಅಷ್ಟಕ್ಕೇ ಆ ಮತವನ್ನು ತಳ್ಳಿಹಾಕುವುದಿಲ್ಲ. ಇಬ್ಬರ ನಡುವಿನ ಗೆರೆಯ ಮೇಲೆ ಬಿದ್ದು ಯಾರಿಗೆಂದು ಹೇಳಲಾಗದಿದ್ದರೆ ಕುಲಗೆಟ್ಟಂತೆ. ಕೊಟ್ಟ ಮೊಹರು ಬಿಟ್ಟು ಹೆಬ್ಬೆಟ್ಟು ಒತ್ತಿದ್ದರೆ, ಗುರುತು ಸಿಗುವಂತೆ ಹೆಸರೋ ಸಹಿಯೋ ಬರೆದಿದ್ದರೆ ಅದೂ ಹೋಯಿತು.

ಜಾಸ್ತಿ ತಲೆನೋವು ಮಡಿಕೆಯದ್ದು. ಚೀಟಿಯಲ್ಲಿ ಹೆಸರುಗಳು ಒಂದರ ಕೆಳಗೊಂದು ಇರುತ್ತವೆ. ಮೊದಲು ಉದ್ದಕ್ಕೆ ಮಡಚಿ ಅಂತ ಮತಗಟ್ಟೆಯಲ್ಲಿ ಹೇಳುವುದು ಸುಮ್ನೆ ಅಲ್ಲ. ಅಡ್ಡಕ್ಕೆ ಮಡಚಿದರೆ ಹಸಿ ಶಾಯಿ ಇನ್ನೊಬ್ಬರ ಹೆಸರಿನ ಮೇಲೂ ಅಂಟಿಕೊಂಡು, ಇಬ್ಬರಿಗೆ ಮತ ಹಾಕಿದಂತೆ ಕಾಣುತ್ತದೆ. ಚೀಟಿಯನ್ನು ಅದೇ ಮಡಿಕೆಗೆ ಮತ್ತೆ ಮಡಚಿ ನೋಡಿದರೆ ಎರಡು ಗುರುತೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಅಂಟಿಕೊಂಡದ್ದು ಮಾಸಲಾಗಿರುತ್ತದೆ, ತಿರುಗುಮುರುಗಾಗಿರುತ್ತದೆ. ಎಣಿಕೆಯ ಗಡಿಬಿಡಿಯಲ್ಲಿ ಇಷ್ಟು ನೋಡುವ ತಾಳ್ಮೆ ಎಲ್ಲರಿಗೂ ಎಲ್ಲಿ ಬರಬೇಕು?

ಗುರುತು ಮತದಾರರದ್ದೇ ಅಲ್ಲದಿದ್ದರೆ? 2024ರ ಜನವರಿ 30ರಂದು ನಡೆದ ಚಂಡೀಗಢ ಮೇಯರ್ ಚುನಾವಣೆಯಲ್ಲಿ ಆದದ್ದು ಇದೇ. ಅಲ್ಲಿ ಮತ ಹಾಕುವವರು ಪಾಲಿಕೆ ಸದಸ್ಯರು ಮತ್ತು ಸಂಸದರು, ಒಟ್ಟು 36 ಮತ. ಚುನಾವಣಾಧಿಕಾರಿ 8 ಮತಗಳನ್ನು ಅಸಿಂಧು ಎಂದರು. 16 ಮತ ಪಡೆದವರು ಗೆದ್ದರು, 12 ಪಡೆದವರು ಸೋತರು. ಅಧಿಕಾರಿಯೇ ಚೀಟಿಗಳ ಮೇಲೆ ಪೆನ್ನಾಡಿಸುತ್ತಿದ್ದದ್ದು ಕ್ಯಾಮೆರಾದಲ್ಲಿ ಸಿಕ್ಕಿತ್ತು. ಸುಪ್ರೀಂ ಕೋರ್ಟ್ ಆ ಮತಪತ್ರಗಳನ್ನು ತರಿಸಿಕೊಂಡು ತಾನೇ ನೋಡಿತು. ಎಂಟೂ ಮತಗಳು ಸೋತ ಕುಲದೀಪ್ ಕುಮಾರ್ ಅವರಿಗೇ ಬಿದ್ದಿದ್ದವು. ಅಧಿಕಾರಿ ಆಮೇಲೆ ಹಾಕಿದ ಗೀಟಿನಿಂದ ಮತ ಕೆಡುವುದಿಲ್ಲ ಎಂದು ಹೇಳಿ, ಫೆಬ್ರವರಿ 20ರಂದು ಅವರನ್ನೇ ಮೇಯರ್ ಎಂದು ಘೋಷಿಸಿತು. ಹೊಸ ಚುನಾವಣೆಗೆ ಆದೇಶಿಸಲಿಲ್ಲ. ನನ್ನ ಮಟ್ಟಿಗೆ ಇದೇ ಇಲ್ಲಿಯ ದೊಡ್ಡ ಮಾತು. ಸರಿಯಾಗಿ ಮತ ಹಾಕಿದವರು ಇನ್ನೊಬ್ಬರ ತಪ್ಪಿಗೆ ಮತ್ತೆ ಯಾಕೆ ಮತ ಹಾಕಬೇಕು, ಅಲ್ವಾ?

ಅಲ್ಲಿ ಕ್ಯಾಮೆರಾ ಇತ್ತು. ಎಲ್ಲ ಎಣಿಕೆ ಕೇಂದ್ರದಲ್ಲೂ ಅಂಥ ಸಾಕ್ಷಿ ಸಿಗುವುದಿಲ್ಲ. ಹಾಗಾಗಿ ಅಭ್ಯರ್ಥಿಯ ಏಜೆಂಟರು ಮೇಜಿನ ಹತ್ತಿರ ಕೂತಾಗಲೇ ಎಚ್ಚರದಿಂದಿರಬೇಕು. ಯಾವ ಮತ ಯಾವ ಕಾರಣಕ್ಕೆ ಪಕ್ಕಕ್ಕೆ ಹೋಯಿತು ಅಂತ ಬರೆದಿಟ್ಟುಕೊಳ್ಳಬೇಕು. ಅನುಮಾನ ಇದ್ದರೆ ಫಲಿತಾಂಶ ಘೋಷಣೆಗೆ ಮೊದಲೇ ಚುನಾವಣಾಧಿಕಾರಿಗೆ ಮರು ಎಣಿಕೆಯ ಮನವಿಯನ್ನು ಬರವಣಿಗೆಯಲ್ಲಿ ಕೊಡಬೇಕು. ಆಮೇಲೂ ಕೋರ್ಟಿಗೆ ಹೋಗುವುದಾದರೆ, ಕರ್ನಾಟಕದ ಗ್ರಾಮ ಪಂಚಾಯಿತಿಗಳ ಮಟ್ಟಿಗೆ ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ ಅರ್ಜಿ ಹಾಕಬೇಕು.